ನಿವೃತ್ತಿಗೆ ಮೊದಲೇ ಸೇನೆ ಬಿಡುವ ಯೋಚನೆಯಲ್ಲಿರುವ ವೈದ್ಯಾಧಿಕಾರಿಗಳಿಗೆ

ಸೇನೆಯ ವೈದ್ಯಕೀಯ ಸೇವೆಯಲ್ಲಿರುವವರು ಅವಧಿಗೆ ಮೊದಲೇ ಹೊರಬರುವ ಯೋಚನೆ ಮಾಡುವಾಗ ಸಾಮಾನ್ಯವಾಗಿ ಹೊರಗಿನ ಆಸ್ಪತ್ರೆಯವರು ಕೊಡುವ ಸಂಬಳದಿಂದ ಲೆಕ್ಕ ಶುರುಮಾಡುತ್ತಾರೆ. ಅದಕ್ಕಿಂತ ಮೊದಲು ತೆರೆದು ನೋಡಬೇಕಾದದ್ದು ಸ್ವಂತ ಸೇವಾ ದಾಖಲೆಯನ್ನು. ನೀವು ಸೇವೆಯ ಎಷ್ಟನೆಯ ವರ್ಷದಲ್ಲಿದ್ದೀರಿ, ಯಾವ ಬಗೆಯ ಕಮಿಷನ್ (ಅಧಿಕಾರಿಯಾಗಿ ನೇಮಕ) ನಿಮ್ಮದು, ಯಾವ ಯಾವ ಮುಚ್ಚಳಿಕೆಗೆ (ಬಾಂಡಿಗೆ) ಸಹಿ ಹಾಕಿದ್ದೀರಿ ಎಂಬ ಮೂರು ಸಂಗತಿಗಳು ಮುಂದಿನ ಎಲ್ಲ ಅಂಕಿಗಳನ್ನೂ ನಿರ್ಧರಿಸುತ್ತವೆ. ಅದೇ ನಿರ್ಧಾರ ಒಂಬತ್ತನೆಯ ವರ್ಷದಲ್ಲಿ ವಿವೇಕದ್ದಾಗಿರಬಹುದು, ಹದಿನೇಳನೆಯ ವರ್ಷದಲ್ಲಿ ದೊಡ್ಡ ನಷ್ಟ ತರಬಹುದು, ಇಪ್ಪತ್ತೊಂದನೆಯ ವರ್ಷದಲ್ಲಿ ಮತ್ತೆ ಸರಿಯೆನಿಸಬಹುದು. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಆರ್ಮಿ ಮೆಡಿಕಲ್ ಕೋರ್ ಸೇರಿದವರನ್ನೂ, ಬೆಂಗಳೂರು, ಮೈಸೂರು ಅಥವಾ ಹುಬ್ಬಳ್ಳಿಗೆ ಮರಳುವ ಆಸೆ ಇಟ್ಟುಕೊಂಡವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ನೌಕಾಪಡೆ ಮತ್ತು ವಾಯುಪಡೆಯಲ್ಲಿರುವ ವೈದ್ಯರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಮೊದಲು ಕಾರಣವನ್ನು ಬಿಡಿಸಿ ನೋಡಿ

ಸೇವೆ ಬಿಡುವ ಮಾತು ಬಹುತೇಕ ಒಂದು ವರ್ಗಾವಣೆಯ ಆದೇಶದ ಬೆನ್ನಿಗೇ ಹುಟ್ಟುತ್ತದೆ. ಪತ್ನಿ ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ, ಮಗಳು ಹತ್ತನೆಯ ತರಗತಿಗೆ ಬಂದಿದ್ದಾಳೆ, ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು; ಆ ಹೊತ್ತಿಗೆ ಲೇಹ್‌ಗೋ ತೇಜ್‌ಪುರಕ್ಕೋ ಹೊರಡಬೇಕೆಂಬ ಕಾಗದ ಕೈಗೆ ಬರುತ್ತದೆ. ಆ ವಾರ ಬರೆದ ಅರ್ಜಿಯಲ್ಲಿ ಸೇವೆಯ ಮೇಲಿನ ಬೇಸರ ಎಷ್ಟು, ಈ ಒಂದು ಪೋಸ್ಟಿಂಗಿನ ಮೇಲಿನ ಬೇಸರ ಎಷ್ಟು ಎಂಬುದು ಬರೆದವರಿಗೇ ಸ್ಪಷ್ಟವಾಗಿರುವುದಿಲ್ಲ. ಕಷ್ಟ ಪೋಸ್ಟಿಂಗಿನದಾದರೆ ಅದಕ್ಕೆ ಸೇವೆಯ ಒಳಗೇ ದಾರಿಗಳಿವೆ. ಕುಟುಂಬದ ಅನಾರೋಗ್ಯದಂತಹ ಕಾರಣಕ್ಕೆ ಅನುಕಂಪದ ಆಧಾರದ ಪೋಸ್ಟಿಂಗ್ ಕೋರಬಹುದು. ಅಧ್ಯಯನ ರಜೆ ಮತ್ತು ಅರ್ಧ ವೇತನದ ಫರ್ಲೋ ರಜೆಗಳಿವೆ. ಸಂಗಾತಿಯೂ ಸೇನೆಯಲ್ಲಿದ್ದರೆ ಒಂದೇ ಊರಿನ ಪೋಸ್ಟಿಂಗಿಗೆ ಮನವಿ ಮಾಡಬಹುದು. ನಿವೃತ್ತಿ ಹತ್ತಿರವಾದವರಿಗೆ ಇಷ್ಟದ ಊರಿನಲ್ಲಿ ಕೊನೆಯ ಅವಧಿ ಕಳೆಯುವ ಅವಕಾಶವೂ ಉಂಟು. ಇವೆಲ್ಲವೂ ಕೇಳಿದ ಕೂಡಲೇ ಸಿಗುತ್ತವೆ ಎಂದು ನಾನು ಹೇಳುತ್ತಿಲ್ಲ. ಆದರೆ ಇವುಗಳಿಗೆ ಲಿಖಿತವಾಗಿ ಅರ್ಜಿ ಹಾಕಿ, ಉತ್ತರ ಪಡೆದು, ಆ ಉತ್ತರವನ್ನು ಕಡತದಲ್ಲಿ ಇಟ್ಟುಕೊಂಡಿದ್ದರೆ ಮುಂದೆ ಅವಧಿಪೂರ್ವ ನಿವೃತ್ತಿಗೆ ಅನುಕಂಪದ ಕಾರಣ ಕೊಡುವಾಗ ಅದೇ ಕಾಗದ ನಿಮ್ಮ ಪರವಾಗಿ ಮಾತನಾಡುತ್ತದೆ.

ಎರಡನೆಯ ಬಗೆಯ ಕಾರಣ ವೃತ್ತಿಯದು, ಮತ್ತು ಇದನ್ನು ನಾನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ. ಯೂನಿಟ್ಟಿನ ವೈದ್ಯಾಧಿಕಾರಿಯ ದಿನ ಬೆಳಗಿನ ಸಿಕ್ ರಿಪೋರ್ಟಿನಿಂದ, ಅಂದರೆ ಅಸ್ವಸ್ಥ ಯೋಧರ ತಪಾಸಣೆಯಿಂದ ಶುರುವಾಗುತ್ತದೆ. ಆಮೇಲೆ ಅಡುಗೆಮನೆಯ ನೈರ್ಮಲ್ಯ, ನೀರಿನ ಕ್ಲೋರಿನೀಕರಣ, ಸೊಳ್ಳೆ ನಿಯಂತ್ರಣ, ಎತ್ತರದ ಪ್ರದೇಶಕ್ಕೆ ಬಂದ ಯೋಧರು ಅಲ್ಲಿನ ಗಾಳಿಗೆ ಹೊಂದಿಕೊಂಡಿದ್ದಾರೆಯೇ ಎಂಬ ನಿಗಾ. ಇದು ಅಗತ್ಯವಾದ, ಗೌರವದ ಕೆಲಸ. ಆದರೆ ಹೊಸದಾಗಿ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವರು ರೋಗಿಗಳು ಕಡಿಮೆ ಇರುವ ಸಣ್ಣ ಆಸ್ಪತ್ರೆಯಲ್ಲಿ ಎರಡು ಮೂರು ವರ್ಷ ಕಳೆದರೆ ಕೈಯ ಪಳಗಿಕೆ ಕುಂದುತ್ತದೆ, ಮತ್ತು ಹಾಗೆ ಕುಂದಿದ ಪಳಗಿಕೆಯನ್ನು ನಲವತ್ತೈದರ ನಂತರ ಮರಳಿ ಪಡೆಯುವುದು ಸುಲಭವಲ್ಲ. ನಿಮ್ಮ ಆಪರೇಷನ್ ರಿಜಿಸ್ಟರಿನ ಕಳೆದ ಮೂರು ವರ್ಷಗಳ ಪುಟಗಳನ್ನು ತಿರುವಿ ಹಾಕಿ, ಯಾವ ಶಸ್ತ್ರಚಿಕಿತ್ಸೆಯನ್ನು ಎಷ್ಟು ಸಲ ಸ್ವತಃ ಮಾಡಿದ್ದೀರಿ, ಎಷ್ಟರಲ್ಲಿ ನೆರವಾಗಿದ್ದೀರಿ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಹೊರಗಿನ ಆಸ್ಪತ್ರೆಯ ಸಂದರ್ಶನದಲ್ಲಿ ಕೇಳುವ ಪ್ರಶ್ನೆ ಅದೇ. ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ ಹೊರಬರುವ ಕಾರಣ ನಿಜವಾದದ್ದು, ಮತ್ತು ಅದನ್ನು ಮುಂದೂಡಿದಷ್ಟೂ ಬೆಲೆ ಏರುತ್ತದೆ.

ಹೊರಬರುವ ದಾರಿಗಳು ಒಂದೇ ಬಗೆಯವಲ್ಲ

ಅಲ್ಪಾವಧಿ ಕಮಿಷನ್ನಿನಲ್ಲಿರುವ ವೈದ್ಯರ ಒಪ್ಪಂದ ಮೊದಲಿಗೆ ಐದು ವರ್ಷಗಳದ್ದು. ಆಮೇಲೆ ಐದು ಮತ್ತು ನಾಲ್ಕು ವರ್ಷಗಳ ಎರಡು ಕಂತುಗಳಲ್ಲಿ ಒಟ್ಟು ಹದಿನಾಲ್ಕು ವರ್ಷಗಳವರೆಗೆ ವಿಸ್ತರಿಸಬಹುದು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಓದಿ ಅಲ್ಪಾವಧಿ ಕಮಿಷನ್ ಪಡೆದವರಿಗೆ ಆರಂಭದ ಬದ್ಧತೆ ಏಳು ವರ್ಷಗಳದ್ದು. ಒಪ್ಪಂದದ ಕಂತು ಮುಗಿಯುವಾಗ ವಿಸ್ತರಣೆ ಬೇಡವೆಂದು ಬರೆದುಕೊಟ್ಟು ಹೊರಬರುವುದು ಬಿಡುಗಡೆ. ಖಾಯಂ ಕಮಿಷನ್ನಿನಲ್ಲಿರುವವರು ವಯಸ್ಸು ತುಂಬುವ ಮೊದಲೇ ಹೊರಬರುವುದು ಅವಧಿಪೂರ್ವ ನಿವೃತ್ತಿ. ಪಿಂಚಣಿಗೆ ಬೇಕಾದಷ್ಟು ಸೇವೆ ಆಗದೆ ಬಿಟ್ಟುಹೋಗುವುದು ರಾಜೀನಾಮೆ. ಊರಿನವರ ಬಾಯಲ್ಲಿ ಮೂರಕ್ಕೂ ‘ಮಿಲಿಟರಿ ಬಿಟ್ಟು ಬಂದರು’ ಎಂಬ ಒಂದೇ ಮಾತಾದರೂ ಕಡತದಲ್ಲಿ ಇವುಗಳ ಫಲ ಬೇರೆ ಬೇರೆ.

ಬಹಳ ಮಂದಿ ಗಮನಿಸದ ವ್ಯತ್ಯಾಸವೆಂದರೆ ಮಾಜಿ ಸೈನಿಕ ಎಂಬ ಸ್ಥಾನಮಾನದ್ದು. ಪಿಂಚಣಿಯೊಡನೆ ಹೊರಬಂದವರಿಗೆ ಅದು ತಾನಾಗಿ ದೊರೆಯುತ್ತದೆ. ಅಲ್ಪಾವಧಿ ಕಮಿಷನ್ನಿನವರು ಒಪ್ಪಂದದ ಅವಧಿ ಪೂರೈಸಿ ಗ್ರಾಚ್ಯುಟಿ ಪಡೆದು ಬಿಡುಗಡೆಯಾದರೆ ಅವರಿಗೂ ದೊರೆಯುತ್ತದೆ. ಆದರೆ ಒಪ್ಪಂದದ ನಡುವೆ ಸ್ವಂತ ಕೋರಿಕೆಯ ಮೇಲೆ, ಪಿಂಚಣಿ ಇಲ್ಲದೆ ಹೊರಬಂದವರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಐದನೆಯ ವರ್ಷ ಮುಗಿಯಲು ಕೆಲವೇ ತಿಂಗಳಿರುವಾಗ ಖಾಸಗಿ ಆಸ್ಪತ್ರೆಯವರು ‘ಇದೇ ತಿಂಗಳು ಸೇರಿ’ ಎಂದು ಅವಸರ ಮಾಡಿದರೆ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡು ಅವರಿಂದ ಸಮಯ ಕೇಳಿ. ಕಾಯಲು ಒಪ್ಪದಿದ್ದರೆ ಬೇರೊಂದು ಆಸ್ಪತ್ರೆ ಸಿಗುತ್ತದೆ. ಈ ಸ್ಥಾನಮಾನ ಮತ್ತೆ ಸಿಗುವುದಿಲ್ಲ.

ಅಲ್ಪಾವಧಿ ಕಮಿಷನ್ನಿನವರಿಗೆ ಪಿಂಚಣಿ ಇಲ್ಲ. ಬಿಡುಗಡೆಯ ಗ್ರಾಚ್ಯುಟಿ ಪ್ರತಿ ಅರ್ಧ ವರ್ಷದ ಸೇವೆಗೆ ಅರ್ಧ ತಿಂಗಳ ವೇತನದ ಲೆಕ್ಕದಲ್ಲಿ ಬರುತ್ತದೆ. ಅಂದರೆ ಐದು ವರ್ಷಕ್ಕೆ ಐದು ತಿಂಗಳ, ಹದಿನಾಲ್ಕು ವರ್ಷಕ್ಕೆ ಹದಿನಾಲ್ಕು ತಿಂಗಳ ವೇತನ. ಇದು ಕೈಗೆ ಬಂದಾಗ ದೊಡ್ಡ ಮೊತ್ತವೆನಿಸುತ್ತದೆ, ಆದರೆ ಬೆಂಗಳೂರಿನಲ್ಲಿ ಒಂದು ಸಾಧಾರಣ ಕ್ಲಿನಿಕ್ಕಿನ ಜಾಗದ ಮುಂಗಡ, ಉಪಕರಣ ಮತ್ತು ಮೊದಲ ವರ್ಷದ ಮನೆಖರ್ಚಿಗೆ ಕರಗಿಹೋಗುವಂಥದ್ದು. ಆದ್ದರಿಂದ ಅಲ್ಪಾವಧಿಯವರು ತೆಗೆದುಕೊಳ್ಳಬೇಕಾದ ನಿಜವಾದ ನಿರ್ಧಾರ ಖಾಯಂ ಕಮಿಷನ್ನಿಗೆ ಅರ್ಜಿ ಹಾಕಬೇಕೋ ಬೇಡವೋ ಎಂಬುದು. ಎರಡು ವರ್ಷದ ಸೇವೆ ಮುಗಿದ ಮೇಲೆ, ಒಂಬತ್ತೂವರೆ ವರ್ಷ ತುಂಬುವ ಮೊದಲು, ವಿದ್ಯಾರ್ಹತೆಗೆ ತಕ್ಕ ವಯೋಮಿತಿಯೊಳಗೆ ಅದಕ್ಕೆ ಅವಕಾಶವಿದೆ. ಆ ಬಾಗಿಲು ಮುಚ್ಚುವವರೆಗೂ ಸುಮ್ಮನಿದ್ದು, ಹನ್ನೊಂದನೆಯ ವರ್ಷದಲ್ಲಿ ಪಿಂಚಣಿಯ ಚಿಂತೆ ಹತ್ತಿಸಿಕೊಂಡರೆ ಫಲವಿಲ್ಲ. ಬಿಡುವುದೇ ಖಚಿತವಾಗಿದ್ದರೆ ಮೊದಲ ಐದು ವರ್ಷದ ಕೊನೆಗೆ, ವಯಸ್ಸು ಇನ್ನೂ ಸ್ನಾತಕೋತ್ತರ ಓದಿಗೆ ಒಗ್ಗುವಾಗ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ. ಎರಡನೆಯ ವಿಸ್ತರಣೆಯನ್ನು ‘ಇನ್ನೂ ಸ್ವಲ್ಪ ದಿನ ನೋಡೋಣ’ ಎಂದು ಒಪ್ಪಿಕೊಂಡವರು ನಲವತ್ತರ ಹೊಸ್ತಿಲಲ್ಲಿ ಪಿಂಚಣಿಯೂ ಇಲ್ಲದೆ, ಹೊರಗೆ ಬೆಳೆಸಿದ ವೃತ್ತಿಯೂ ಇಲ್ಲದೆ ನಿಲ್ಲಬೇಕಾಗುತ್ತದೆ.

ಇಪ್ಪತ್ತು ವರ್ಷದ ಗೆರೆ

ಖಾಯಂ ಕಮಿಷನ್ನಿನ ಅಧಿಕಾರಿಗೆ ಪಿಂಚಣಿ ಸಿಗಬೇಕಾದರೆ ಇಪ್ಪತ್ತು ವರ್ಷಗಳ ಅರ್ಹ ಸೇವೆ (ಪಿಂಚಣಿಗೆ ಲೆಕ್ಕವಾಗುವ ಸೇವೆ) ಬೇಕು. ಹತ್ತೊಂಬತ್ತು ವರ್ಷ ದುಡಿದವರಿಗೆ ಇಪ್ಪತ್ತರಲ್ಲಿ ಹತ್ತೊಂಬತ್ತು ಪಾಲು ಪಿಂಚಣಿ ಎಂಬ ಲೆಕ್ಕ ಇಲ್ಲ. ಗೆರೆ ದಾಟಿದರೆ ಪೂರ್ತಿ, ದಾಟದಿದ್ದರೆ ಏನೂ ಇಲ್ಲ. ಸೇವೆಯ ಉಳಿದ ಭಾಗವನ್ನು ಎಣಿಸುವಾಗ ಮೂರು ತಿಂಗಳು ಮತ್ತು ಅದಕ್ಕಿಂತ ಹೆಚ್ಚಿನ ಅವಧಿಯನ್ನು ಅರ್ಧ ವರ್ಷವಾಗಿ ಪರಿಗಣಿಸುವ ನಿಯಮವಿದೆಯಾದರೂ ಅದನ್ನು ನೆಚ್ಚಿಕೊಂಡು ಬಿಡುಗಡೆಯ ದಿನಾಂಕ ಆರಿಸಬೇಡಿ. ಇಪ್ಪತ್ತು ತುಂಬಿದ ಮೇಲೆ ಒಂದೆರಡು ತಿಂಗಳ ಅಂತರ ಇರಲಿ. ಹಿರಿತನಕ್ಕಾಗಿ ಹಿಂದಕ್ಕೆ ಸರಿಸಿ ಕೊಟ್ಟ ದಿನಾಂಕವನ್ನು ಕಮಿಷನ್ ಪಡೆದ ದಿನಾಂಕವೆಂದು ತಪ್ಪಾಗಿ ಭಾವಿಸುವುದು ಇನ್ನೊಂದು ಅಪಾಯ. ಸಂಬಳರಹಿತ ರಜೆ ಏನಾದರೂ ಹಾಕಿದ್ದರೆ ಅದನ್ನೂ ನೋಡಬೇಕು. ಅರ್ಹ ಸೇವೆ ಇಂದಿಗೆ ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ ಎಂಬುದನ್ನು ದಾಖಲೆ ಇಡುವ ಕಚೇರಿಯಿಂದ ಬರಹದಲ್ಲಿ ಪಡೆಯುವವರೆಗೆ ಅರ್ಜಿಯ ಮಾತೇ ಬೇಡ.

ಈ ಗೆರೆಯ ಬೆಲೆ ಎಷ್ಟೆಂಬುದನ್ನು ಏಳನೆಯ ವೇತನ ಆಯೋಗದ ಪಟ್ಟಿಯನ್ನು ಇಟ್ಟುಕೊಂಡು ಒಮ್ಮೆ ಲೆಕ್ಕ ಹಾಕೋಣ. ಲೆಫ್ಟಿನೆಂಟ್ ಕರ್ನಲ್ ಒಬ್ಬರ ಮೂಲ ವೇತನ 1,58,100 ರೂಪಾಯಿ ಎಂದುಕೊಳ್ಳಿ. ಖಾಸಗಿ ವೃತ್ತಿ ಮಾಡದಿರುವುದಕ್ಕೆ ಕೊಡುವ ಎನ್‌ಪಿಎ ಮೂಲ ವೇತನದ ಶೇಕಡ 20, ಅಂದರೆ 31,620. ಸೈನಿಕ ಸೇವಾ ವೇತನ 15,500. ಈ ಮೂರೂ ಪಿಂಚಣಿಯ ಲೆಕ್ಕಕ್ಕೆ ಸೇರುತ್ತವೆ, ಒಟ್ಟು 2,05,220. ಪಿಂಚಣಿ ಇದರ ಅರ್ಧ, ಅಂದರೆ ತಿಂಗಳಿಗೆ 1,02,610 ರೂಪಾಯಿ, ಮತ್ತು ಅದರ ಮೇಲೆ ಆಗಿನ ದರದ ತುಟ್ಟಿಪರಿಹಾರ. ಇದು ಜೀವಮಾನವಿಡೀ, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುತ್ತಾ ಬರುವ ಹಣ. ಆಮೇಲೆ ಕುಟುಂಬ ಪಿಂಚಣಿಯೂ ಉಂಟು. ನಲವತ್ತೈದರ ವಯಸ್ಸಿನಲ್ಲಿ ಇಷ್ಟು ಹಣ ಖಾಸಗಿಯಾಗಿ ಹುಟ್ಟುವಂತೆ ಮಾಡಲು ಎಷ್ಟು ಬಂಡವಾಳ ಬೇಕೆಂದು ಯಾವುದೇ ವಿಮಾ ಸಂಸ್ಥೆಯ ಆನ್ಯುಟಿ (ಬಂಡವಾಳ ಕಟ್ಟಿ ಜೀವಮಾನವಿಡೀ ಪಡೆಯುವ ವರಮಾನ) ದರಪಟ್ಟಿಯನ್ನು ನೋಡಿದರೆ ತಿಳಿಯುತ್ತದೆ. ಹದಿನಾರು, ಹದಿನೇಳನೆಯ ವರ್ಷದಲ್ಲಿ ರಾಜೀನಾಮೆಯ ಯೋಚನೆ ಮಾಡುವವರಿಗೆ ಹೊರಗಿನ ಸಂಬಳ ಈಗಿನದಕ್ಕಿಂತ ಎಷ್ಟು ಹೆಚ್ಚೆಂಬುದು ಮುಖ್ಯವಲ್ಲ. ಉಳಿದ ಮೂರು ನಾಲ್ಕು ವರ್ಷಗಳಲ್ಲಿ ಆ ಹೆಚ್ಚುವರಿ ಗಳಿಕೆ ಈ ಬಂಡವಾಳವನ್ನು ತುಂಬಿಕೊಡುತ್ತದೆಯೇ ಎಂದು ನೋಡಬೇಕು. ಬಹಳ ಬೇಡಿಕೆಯಿರುವ ಕೆಲವೇ ಸೂಪರ್ ಸ್ಪೆಷಾಲಿಟಿಗಳನ್ನು ಬಿಟ್ಟರೆ ತುಂಬಿಕೊಡುವುದಿಲ್ಲ.

ಇಪ್ಪತ್ತು ದಾಟಿದವರಿಗೆ ಇನ್ನೂ ಕೆಲವು ಬಾಬ್ತುಗಳಿವೆ. ನಿವೃತ್ತಿ ಗ್ರಾಚ್ಯುಟಿ ಪ್ರತಿ ಅರ್ಧ ವರ್ಷಕ್ಕೆ ಕಾಲು ತಿಂಗಳ ವೇತನದಂತೆ, ಅಂದರೆ ಇಪ್ಪತ್ತು ವರ್ಷಕ್ಕೆ ಹತ್ತು ತಿಂಗಳ ವೇತನ. ಇದಕ್ಕೆ ತುಟ್ಟಿಭತ್ಯೆಯೂ ಸೇರುವುದರಿಂದ ಮೇಲಿನ ಉದಾಹರಣೆಯಲ್ಲಿ ಮೊತ್ತ 2024ರ ಜನವರಿಯಿಂದ ಜಾರಿಯಲ್ಲಿರುವ 25 ಲಕ್ಷದ ಮಿತಿಗೆ ತಾಗುತ್ತದೆ. ಬಳಸದೆ ಉಳಿಸಿದ ರಜೆಗೆ ಗರಿಷ್ಠ 300 ದಿನಗಳ ನಗದು, ಡಿಎಸ್‌ಒಪಿ ನಿಧಿಯ (ಅಧಿಕಾರಿಗಳ ಭವಿಷ್ಯನಿಧಿ) ಶಿಲ್ಕು ಮತ್ತು ಸೇನಾ ಸಮೂಹ ವಿಮೆಯ ಮೊತ್ತ ಕೈಸೇರುತ್ತವೆ. ಪಿಂಚಣಿಯ ಅರ್ಧದವರೆಗೆ ಒಟ್ಟಿಗೆ ಮಾರಿಕೊಳ್ಳುವ ಕಮ್ಯುಟೇಷನ್ ಸೌಲಭ್ಯವೂ ಇದೆ. ಬಿಟ್ಟುಕೊಟ್ಟ ಪಿಂಚಣಿಯ ಒಂದು ವರ್ಷದ ಮೊತ್ತವನ್ನು ಗುಣಿಸುವ ಗುಣಾಂಕ ವಯಸ್ಸು ಕಡಿಮೆಯಿದ್ದಷ್ಟು ಹೆಚ್ಚು. ನಲವತ್ತರ ದಶಕದ ನಡುವಿನವರಿಗೆ ಅದನ್ನು ಸುಮಾರು ಒಂಬತ್ತು ಎಂದು ಹಿಡಿದರೆ ತಿಂಗಳ 51,305 ರೂಪಾಯಿ ಬಿಟ್ಟುಕೊಟ್ಟವರಿಗೆ ಸುಮಾರು 55 ಲಕ್ಷ ಸಿಗುತ್ತದೆ, ಮತ್ತು ಹದಿನೈದು ವರ್ಷದ ನಂತರ ಪೂರ್ಣ ಪಿಂಚಣಿ ಮರಳುತ್ತದೆ. ತುಟ್ಟಿಪರಿಹಾರವನ್ನು ಮೊದಲಿನಿಂದಲೂ ಪೂರ್ಣ ಪಿಂಚಣಿಯ ಮೇಲೆಯೇ ಕೊಡುತ್ತಾರೆ. ಮನೆಸಾಲ ತೀರಿಸಲು ಇದು ಒಳ್ಳೆಯ ಹಣ. ಹೊಸ ನರ್ಸಿಂಗ್ ಹೋಮಿನಲ್ಲಿ ಹಾಕಲು ಈ ಹಣವನ್ನು ಮುಟ್ಟದಿರುವುದೇ ಮೇಲು.

ಒಆರ್‌ಒಪಿ ಎಂಬ ಕಾಣದ ಖರ್ಚು

ಇಪ್ಪತ್ತು ವರ್ಷ ದಾಟಿದ ಮೇಲೆ ಅವಧಿಪೂರ್ವ ನಿವೃತ್ತಿ ಪಡೆಯುವುದು ಸುರಕ್ಷಿತವೆಂದು ಹೇಳುವವರು ಒಂದು ಸಂಗತಿಯನ್ನು ಹೇಳದೆ ಬಿಡುತ್ತಾರೆ. ಸಮಾನ ಹುದ್ದೆ, ಸಮಾನ ಸೇವಾವಧಿಗೆ ಸಮಾನ ಪಿಂಚಣಿ ಎಂಬ ‘ಒನ್ ರ‍್ಯಾಂಕ್ ಒನ್ ಪೆನ್ಷನ್’ ಅಥವಾ ಒಆರ್‌ಒಪಿ ಯೋಜನೆ 2014ರ ಜುಲೈ 1ರಿಂದ ಜಾರಿಗೆ ಬಂತು. ಅದನ್ನು ಘೋಷಿಸಿದ 2015ರ ನವೆಂಬರ್ 7ರ ಆದೇಶದಲ್ಲಿಯೇ, ಇನ್ನು ಮುಂದೆ ಸ್ವಂತ ಕೋರಿಕೆಯ ಮೇಲೆ ಹೊರಹೋಗುವವರಿಗೆ ಈ ಸೌಲಭ್ಯ ಇಲ್ಲವೆಂಬ ಷರತ್ತಿದೆ. ಅವಧಿಪೂರ್ವ ನಿವೃತ್ತಿಗೆ ಆಧಾರವಾದ 1954ರ ಸೇನಾ ನಿಯಮಗಳ 16ಬಿ ನಿಯಮವನ್ನು ಅಲ್ಲಿ ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಒಆರ್‌ಒಪಿಯ ಪಿಂಚಣಿ ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ; 2019ರ ಜುಲೈ ಮತ್ತು 2024ರ ಜುಲೈನಿಂದ ಹಾಗೆ ಆಗಿದೆ. ಸ್ವಂತ ಕೋರಿಕೆಯ ಮೇಲೆ ಹೊರಬಂದವರು ಈ ಪರಿಷ್ಕರಣೆಗಳಿಂದ ಹೊರಗುಳಿದು ವೇತನ ಆಯೋಗದ ಪರಿಷ್ಕರಣೆಗೆ ಮಾತ್ರ ಕಾಯಬೇಕಾಗುತ್ತದೆ. ನಲವತ್ತೈದಕ್ಕೆ ಹೊರಬಂದವರು ಎಂಬತ್ತೈದರವರೆಗೆ ಬದುಕಿದರೆ ನಲವತ್ತು ವರ್ಷಗಳ ಕಾಲ ಈ ಅಂತರ ಬೆಳೆಯುತ್ತಾ ಹೋಗುತ್ತದೆ. ಈ ಷರತ್ತನ್ನು ನ್ಯಾಯಮಂಡಳಿ ಮತ್ತು ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಗಿದೆ. ಅರ್ಜಿ ಹಾಕುವ ಹೊತ್ತಿಗೆ ಅದರ ಸ್ಥಿತಿ ಏನಿದೆ ಎಂಬುದನ್ನು ಸೇನಾ ಪಿಂಚಣಿಯ ವಿಷಯ ಬಲ್ಲ ವಕೀಲರಿಂದ ತಿಳಿದುಕೊಳ್ಳಿ. ನಿಮ್ಮ ಲೆಕ್ಕವನ್ನು ಮಾತ್ರ ಒಆರ್‌ಒಪಿ ಸಿಗುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಹಾಕಿ.

ಎಂಟನೆಯ ವೇತನ ಆಯೋಗಕ್ಕಾಗಿ ಕಾಯಬೇಕೇ ಎಂದು ಹಲವರು ಕೇಳುತ್ತಾರೆ. 2025ರ ನವೆಂಬರಿನಲ್ಲಿ ಅದರ ರಚನೆಯಾಗಿದೆ. ಹಿಂದಿನ ಆಯೋಗಗಳಲ್ಲಿ ಮೊದಲೇ ನಿವೃತ್ತರಾದವರ ಪಿಂಚಣಿಯನ್ನೂ ಪರಿಷ್ಕರಿಸಿದ್ದಾರೆ. ಆದ್ದರಿಂದ ಅದೊಂದೇ ಕಾರಣಕ್ಕೆ ಉಳಿಯುವುದಾಗಲಿ ಹೊರಡುವುದಾಗಲಿ ಬೇಡ.

ಮುಚ್ಚಳಿಕೆಯನ್ನು ಮತ್ತೊಮ್ಮೆ ಓದಿ

ವೈದ್ಯಾಧಿಕಾರಿಗಳ ವಿಷಯದಲ್ಲಿ ಇತರ ಅಧಿಕಾರಿಗಳಿಗೆ ಇಲ್ಲದ ತೊಡಕು ಇದು. ಎಂಬಿಬಿಎಸ್ ಸೇರುವಾಗ ಒಂದು, ಸೇವೆಯ ಖರ್ಚಿನಲ್ಲಿ ಎಂಡಿ ಅಥವಾ ಎಂಎಸ್ ಮಾಡುವಾಗ ಇನ್ನೊಂದು, ಸೂಪರ್ ಸ್ಪೆಷಾಲಿಟಿಗೆ ಮತ್ತೊಂದು ಹೀಗೆ ಒಂದರ ಮೇಲೊಂದು ಬದ್ಧತೆಗಳು ಕೂಡಿಕೊಂಡಿರುತ್ತವೆ. ಯಾವುದರ ಅವಧಿ ಮುಗಿದಿದೆ, ಯಾವುದರದು ಬಾಕಿಯಿದೆ, ಬಾಕಿ ಅವಧಿಗೆ ಕಟ್ಟಬೇಕಾದ ಮೊತ್ತ ಎಷ್ಟು, ಅದಕ್ಕೆ ಬಡ್ಡಿ ಉಂಟೇ ಎಂಬುದನ್ನು ನೀವು ಸಹಿ ಹಾಕಿದ ಪ್ರತಿಯಲ್ಲಿಯೇ ನೋಡಿ. ಬೇರೆ ವರ್ಷದ ತಂಡದವರ ಅಂಕಿ ನಿಮಗೆ ಹೊಂದುವುದಿಲ್ಲ. ಹೊಸ ಆಸ್ಪತ್ರೆಯವರು ಬಾಂಡಿನ ಹಣ ತಾವೇ ಕಟ್ಟುವುದಾಗಿ ಹೇಳಿದರೆ ಅದಕ್ಕೆ ಬದಲಾಗಿ ಅವರಲ್ಲಿ ಎಷ್ಟು ವರ್ಷ ದುಡಿಯಬೇಕೆಂಬುದನ್ನು ಓದಿಕೊಳ್ಳಿ. ಒಂದು ಬಾಂಡಿನಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಕೊರಳೊಡ್ಡಿದವರು ಬೇಕಾದಷ್ಟು ಮಂದಿ ಇದ್ದಾರೆ.

ಹಣ ಕಟ್ಟಿದ ಮಾತ್ರಕ್ಕೆ ಬಿಡುಗಡೆ ಸಿಗುತ್ತದೆ ಎಂಬುದೂ ಸರಿಯಲ್ಲ. ಸೇನೆ ಬಿಡುವುದು ಅಧಿಕಾರಿಯ ಬೇಷರತ್ತಾದ ಹಕ್ಕಲ್ಲ; ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ: ಪಡೆಯ ಅಗತ್ಯಗಳನ್ನು ಕಡೆಗಣಿಸಿ ಇಷ್ಟಬಂದಾಗ ಹೊರಡುವ ಹಕ್ಕು ಯಾರಿಗೂ ಇಲ್ಲ. ತಜ್ಞರ ಕೊರತೆಯಿರುವ ವಿಭಾಗಗಳ ವೈದ್ಯರ ಅರ್ಜಿಗಳು ತಿರಸ್ಕೃತವಾಗುವುದು ಅಪರೂಪವೂ ಅಲ್ಲ. ಆದ್ದರಿಂದ ಮಂಜೂರಾತಿಯ ಕಾಗದ ಕೈಗೆ ಬರುವ ಮೊದಲು ಖಾಸಗಿ ಆಸ್ಪತ್ರೆಗೆ ಸೇರುವ ದಿನಾಂಕ ಕೊಡುವುದು, ಮಕ್ಕಳ ಶಾಲೆ ಬದಲಿಸುವುದು, ಮನೆಗೆ ಮುಂಗಡ ಕೊಡುವುದು ಇವಾವುದನ್ನೂ ಮಾಡಬಾರದು.

ಹೊರಗಿನ ವೃತ್ತಿಯನ್ನು ಅಳೆಯುವ ಬಗೆ

ಕಾರ್ಪೊರೇಟ್ ಆಸ್ಪತ್ರೆಗಳು ಹೊಸ ಕನ್ಸಲ್ಟೆಂಟಿಗೆ ಮೊದಲ ಕೆಲವು ತಿಂಗಳು ಖಾತರಿ ಮೊತ್ತ ಕೊಟ್ಟು, ಆಮೇಲೆ ಅವರು ತರುವ ರೋಗಿಗಳ ಆದಾಯದ ಪಾಲಿಗೆ ಬದಲಿಸುವ ಒಪ್ಪಂದ ಸಾಮಾನ್ಯ. ವೈದ್ಯಾಧಿಕಾರಿಯ ರೋಗಿಗಳು ಯೂನಿಟ್ಟುಗಳಿಂದ ತಾವಾಗಿ ಬರುತ್ತಾರೆ; ಹೊರಗೆ ಪ್ರತಿಯೊಬ್ಬ ರೋಗಿಯೂ ಒಬ್ಬ ಕುಟುಂಬವೈದ್ಯರ ಚೀಟಿಯಿಂದಲೋ ಹಿಂದಿನ ರೋಗಿಯ ಮಾತಿನಿಂದಲೋ ಬರಬೇಕು. ಆದ್ದರಿಂದ ಖಾತರಿ ಎಷ್ಟು ತಿಂಗಳು, ಆಮೇಲಿನ ಪಾಲಿನ ಲೆಕ್ಕ ಹೇಗೆ, ನಿಮ್ಮ ವಿಭಾಗದಲ್ಲಿ ಈಗಾಗಲೇ ಎಷ್ಟು ಜನ ಇದ್ದಾರೆ, ಕಳೆದ ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕೂತು ಎದ್ದುಹೋದವರು ಎಷ್ಟು ಜನ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಉಳಿದೆಲ್ಲಕ್ಕಿಂತ ಹೆಚ್ಚು ತಿಳಿಸುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಸುಮ್ಮನೆ ಕೂತು ನೋಡುವುದೂ ಒಳ್ಳೆಯದು.

ಹೊಣೆಗಾರಿಕೆಯ ವ್ಯತ್ಯಾಸವನ್ನು ಮೊದಲೇ ಅರಿತಿರಬೇಕು. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ರಕ್ಷಣಾ ಕಾನೂನಿನ ವ್ಯಾಪ್ತಿಗೆ ಬಂದಿದೆ. ಮಿಲಿಟರಿ ಆಸ್ಪತ್ರೆಯಲ್ಲಿ ರಕ್ತ ಪಡೆದು ಎಚ್‌ಐವಿ ಸೋಂಕಿಗೆ ಒಳಗಾದ ಮಾಜಿ ವಾಯುಸೈನಿಕರೊಬ್ಬರಿಗೆ 2023ರಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಾದಾಗ ಆ ಹೊಣೆ ಬಿದ್ದದ್ದು ವಾಯುಪಡೆ ಮತ್ತು ಸೇನೆಯ ಮೇಲೆ. ಯಾವ ವೈದ್ಯರೂ ಸ್ವಂತ ಹಣದಿಂದ ಕಟ್ಟಬೇಕಾಗಲಿಲ್ಲ. ಖಾಸಗಿಯಲ್ಲಿ ಆ ಆಸರೆ ಇಲ್ಲ. ವೃತ್ತಿ ಹೊಣೆಗಾರಿಕೆಯ ವಿಮೆಯನ್ನು ಮೊದಲ ರೋಗಿಯನ್ನು ನೋಡುವ ದಿನಕ್ಕಿಂತ ಮುಂಚೆಯೇ ಮಾಡಿಸಿರಬೇಕು.

ಸ್ವಂತ ಕ್ಲಿನಿಕ್ ಇಡುವವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಬೇರೆ ರಾಜ್ಯದ ಪರಿಷತ್ತಿನಲ್ಲಿ ಹೆಸರಿದ್ದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಿಸಲು ಸಮಯ ಹಿಡಿಯುತ್ತದೆ. ಆಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ನೋಂದಣಿ, ಜೈವಿಕ ವೈದ್ಯಕೀಯ ತ್ಯಾಜ್ಯದ ವ್ಯವಸ್ಥೆ, ಅಲ್ಟ್ರಾಸೌಂಡ್ ಯಂತ್ರ ಇಡುವುದಾದರೆ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ನೋಂದಣಿ. ಇವುಗಳಿಗೆ ಅಲೆದಾಟ ಉಂಟು, ಗುಟ್ಟೇನೂ ಇಲ್ಲ.

ಬೋಧನೆಗೆ ಹೋಗುವ ಮನಸ್ಸಿದ್ದರೆ ಅದಕ್ಕೆ ಬೇಕಾದ ಕಾಗದಗಳನ್ನು ಸಮವಸ್ತ್ರದಲ್ಲಿರುವಾಗಲೇ ಸಂಗ್ರಹಿಸಿ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ, ವೈಮಾಂತರಿಕ್ಷ ವೈದ್ಯಶಾಸ್ತ್ರ ಸಂಸ್ಥೆಗಳಂತಹ ಕಡೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸಿದವರ ಅನುಭವಕ್ಕೆ ಹೊರಗೆ ಬೆಲೆಯಿದೆ, ಆದರೆ ದಿನಾಂಕ, ಹುದ್ದೆ, ವಿಭಾಗ ಎಲ್ಲವನ್ನೂ ನಮೂದಿಸಿದ ಪ್ರಮಾಣಪತ್ರ ಇದ್ದರೆ ಮಾತ್ರ. ಗ್ರೇಡೆಡ್ ಸ್ಪೆಷಲಿಸ್ಟ್, ಕ್ಲಾಸಿಫೈಡ್ ಸ್ಪೆಷಲಿಸ್ಟ್ (ಸೇನೆಯ ತಜ್ಞವೈದ್ಯರ ದರ್ಜೆಗಳು) ಆದ ಆದೇಶಗಳು, ಮಾರ್ಗದರ್ಶಕರಾಗಿ ವಿಶ್ವವಿದ್ಯಾಲಯ ಮಾನ್ಯ ಮಾಡಿದ ಪತ್ರ, ಪ್ರಕಟವಾದ ಲೇಖನಗಳ ಪ್ರತಿ ಇವನ್ನೆಲ್ಲ ಹೊರಟ ಎರಡು ವರ್ಷದ ಮೇಲೆ ಕೇಳಿದರೆ ಆಗ ಅಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲ. ಅಬ್ಬರವಿಲ್ಲದ ಜೀವನ ಬಯಸುವವರಿಗೆ ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿಯಂತಹ ಊರುಗಳಲ್ಲಿರುವ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳಲ್ಲಿ ಗುತ್ತಿಗೆಯ ಕೆಲಸವೂ ಉಂಟು. ಅಲ್ಲಿ ಮಾಜಿ ಸೈನಿಕ ವೈದ್ಯರಿಗೆ ಆದ್ಯತೆ. ಪಿಂಚಣಿ ಬರುತ್ತಿರುವವರಿಗೆ ಅಲ್ಲಿನ ಸಂಭಾವನೆ ಸಾಕಾಗುತ್ತದೆ, ಪಿಂಚಣಿ ಇಲ್ಲದವರಿಗೆ ಸಾಲುವುದು ಕಷ್ಟ.

ಅರ್ಜಿ, ವೈದ್ಯಕೀಯ ಮಂಡಳಿ ಮತ್ತು ಕೊನೆಯ ತಿಂಗಳುಗಳು

ಅವಧಿಪೂರ್ವ ನಿವೃತ್ತಿಗೆ ಅನುಕಂಪ, ಬಡ್ತಿಯಲ್ಲಿ ಹಿಂದೆ ಬಿದ್ದಿರುವುದು, ಕೆಳದರ್ಜೆಯ ಆರೋಗ್ಯ ವರ್ಗ ಇವು ಸಾಮಾನ್ಯವಾಗಿ ಒಪ್ಪಿಗೆಯಾಗುವ ಕಾರಣಗಳು. ಅರ್ಜಿಯಲ್ಲಿ ಒಂದೇ ಕಾರಣವನ್ನು ದಾಖಲೆಗಳೊಡನೆ ಹೇಳಿ. ನಾಲ್ಕು ಕಾರಣಗಳನ್ನು ಒಟ್ಟಿಗೆ ಪೋಣಿಸಿದ ಅರ್ಜಿಯಲ್ಲಿ ಯಾವುದೂ ನಂಬಿಕೆ ಹುಟ್ಟಿಸುವುದಿಲ್ಲ. ಮೇಲಧಿಕಾರಿಯ ಮೇಲಿನ ದೂರುಗಳಿಗೆ ಬೇರೆ ದಾರಿಯಿದೆ, ಇಲ್ಲಿ ಅವು ಬೇಡ. ಅರ್ಜಿ ಕಮಾಂಡಿಂಗ್ ಆಫೀಸರರಿಂದ ಹಂತಹಂತವಾಗಿ ಮೇಲಕ್ಕೆ ಹೋಗಬೇಕಾದ್ದರಿಂದ, ಕೊಡುವ ಮೊದಲು ಅವರೊಡನೆ ಎದುರು ಕೂತು ಮಾತನಾಡಿ. ಅವರ ಶಿಫಾರಸ್ಸಿನ ನಾಲ್ಕು ಸಾಲುಗಳಿಗೆ ತೂಕವಿರುತ್ತದೆ. ಮಂಜೂರಾಗುವ ಮೊದಲು ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳುವ ಪತ್ರವನ್ನು ತಡಮಾಡದೆ ಕೊಡಿ. ಮಂಜೂರಾದ ಮೇಲೆ ಅದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ.

ಬಿಡುಗಡೆಯ ವೈದ್ಯಕೀಯ ಮಂಡಳಿಯನ್ನು (ಹೊರಡುವ ಮೊದಲಿನ ಕೊನೆಯ ಆರೋಗ್ಯ ಪರೀಕ್ಷೆ) ವೈದ್ಯರೇ ಹಗುರವಾಗಿ ತೆಗೆದುಕೊಳ್ಳುವುದನ್ನು ಕಂಡು ನನಗೆ ಬೇಸರವಾಗುತ್ತದೆ. ನೂರಾರು ಯೋಧರ ಅಂಗವೈಕಲ್ಯವನ್ನು ಎಚ್ಚರದಿಂದ ದಾಖಲಿಸಿದವರು ತಮ್ಮ ರಕ್ತದೊತ್ತಡ, ಎತ್ತರದ ಪ್ರದೇಶದಲ್ಲಿ ಬಂದ ತೊಂದರೆ, ಬೆನ್ನುಮೂಳೆಯ ನೋವು, ಶ್ರವಣದೋಷ ಇವುಗಳನ್ನು ವರ್ಷಗಳ ಕಾಲ ಕಾಗದಕ್ಕೆ ತರದೆ, ಸಹೋದ್ಯೋಗಿಯ ಬಳಿ ಬಾಯಿಮಾತಿನಲ್ಲೇ ಔಷಧಿ ಪಡೆದಿರುತ್ತಾರೆ. ಕೊನೆಯ ಪರೀಕ್ಷೆಯಲ್ಲಿ ಅವು ಮೊದಲ ಬಾರಿ ಕಾಣಿಸಿಕೊಂಡರೆ ಸೇವೆಯಿಂದಲೇ ಬಂದದ್ದೆಂದು ತೋರಿಸಲು ಆಧಾರವಿರುವುದಿಲ್ಲ. ಸ್ವಂತ ಕೋರಿಕೆಯ ಮೇಲೆ ನಿವೃತ್ತರಾದವರಿಗೂ ಸೇವೆಗೆ ಸಂಬಂಧಿಸಿದ ಅಂಗವೈಕಲ್ಯದ ಪರಿಹಾರ ನಿಷಿದ್ಧವಲ್ಲ, ಆದರೆ 2023ರ ಸೆಪ್ಟೆಂಬರಿನಿಂದ ಅರ್ಹತೆಯ ನಿಯಮಗಳು ಬದಲಾಗಿವೆ. ಹೊರಡುವ ಯೋಚನೆ ಬಂದ ದಿನವೇ ಎಲ್ಲ ಕಾಯಿಲೆಗಳನ್ನು ಸರಿಯಾದ ತಜ್ಞರ ಬಳಿ ತೋರಿಸಿ ದಾಖಲೆ ಮಾಡಿಸಿ.

ಉಳಿದದ್ದು ಕಾಗದದ ಕೆಲಸ. ಪಿಂಚಣಿಯ ಪತ್ರಗಳು ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಮೂಲಕ ಹೋಗುತ್ತವೆ. ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಮತ್ತು ಪತ್ನಿ ಅಥವಾ ಪತಿಯ ವಿವರ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಸೇವಾ ದಾಖಲೆ ಈ ನಾಲ್ಕರಲ್ಲೂ ಒಂದೇ ರೀತಿ ಇರಬೇಕು. ಕನ್ನಡದ ಹೆಸರುಗಳಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬರುವುದರಿಂದ ನಮ್ಮವರ ಕಡತಗಳು ಇಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಇದನ್ನು ಕನಿಷ್ಠ ಒಂದು ವರ್ಷ ಮೊದಲೇ ಸರಿಪಡಿಸಿಕೊಳ್ಳಿ. ಇಸಿಎಚ್‌ಎಸ್ ಸದಸ್ಯತ್ವದ ಅರ್ಜಿಯನ್ನು ಸೇವೆಯಲ್ಲಿರುವಾಗಲೇ ತುಂಬಿಸಿ. ಅಲ್ಪಾವಧಿ ಕಮಿಷನ್ನಿನವರಿಗೂ 2019ರಿಂದ ಷರತ್ತುಗಳೊಡನೆ ಈ ಬಾಗಿಲು ತೆರೆದಿದೆ. ಹಿರಿಯ ಹುದ್ದೆಯವರು ನಿವೃತ್ತಿಯ ನಂತರದ ಮೊದಲ ವರ್ಷದಲ್ಲಿ ಖಾಸಗಿ ಉದ್ಯೋಗ ಹಿಡಿಯಲು ಸರ್ಕಾರದ ಅನುಮತಿ ಬೇಕೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಬೇಕು. ಸರ್ಕಾರಿ ಮನೆಯನ್ನು ಎಷ್ಟು ದಿನ ಉಳಿಸಿಕೊಳ್ಳಬಹುದೆಂದು ಸ್ಟೇಷನ್ ಹೆಡ್‌ಕ್ವಾರ್ಟರ್ಸಿನಲ್ಲಿ ವಿಚಾರಿಸಿ, ಬಿಡುಗಡೆಯ ತಿಂಗಳನ್ನು ಮಕ್ಕಳ ಪರೀಕ್ಷೆಯ ನಂತರಕ್ಕೆ ಹೊಂದಿಸಿ. ಮೊದಲ ಪಿಂಚಣಿ ಖಾತೆಗೆ ಬರುವುದು ತಡವಾಗಬಹುದೆಂದು ಎಣಿಸಿ ಆರು ತಿಂಗಳ ಮನೆಖರ್ಚನ್ನು ಬೇರೆಯಾಗಿ ತೆಗೆದಿಡಿ.